ಕಿರಿಯರಿಗೆ ಕಲಿಸಬೇಕಾದದ್ದು ರಾಜಕೀಯ, ನಮ್ಮ ರಾಜಕೀಯವಲ್ಲ: ಮಾರ್ಗದರ್ಶಕರಾಗುವ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಹೈಸ್ಕೂಲು ಮಕ್ಕಳ ಗುಂಪೊಂದಕ್ಕೆ ರಾಜಕೀಯ ಮತ್ತು ಸಂವಹನದ ಮಾರ್ಗದರ್ಶಕಿಯಾಗಿ ಹೋಗತೊಡಗಿದ ಮೂರನೆಯ ವಾರ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ತೆರಿಗೆಯ ಬಗ್ಗೆ ಎರಡು ನಿಮಿಷ ಮಾತನಾಡಿದ. ಎಲ್ಲಿಯೂ ತಡವರಿಸಲಿಲ್ಲ. ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಆ ವಾಕ್ಯಗಳು ನನ್ನವೇ ಎಂಬುದು ನನಗೆ ಗೊತ್ತಾಯಿತು: ಹಿಂದಿನ ವಾರ ನಾನು ಆಡಿದ ಮಾತು, ನಾನು ಕೊಟ್ಟ ಉದಾಹರಣೆ, ಸಾಲದ್ದಕ್ಕೆ ಒತ್ತಿ ಹೇಳುವಾಗ ಬಲಗೈಯ ಬೆರಳುಗಳನ್ನು ಒಟ್ಟುಗೂಡಿಸುವ ನನ್ನ ಅಭ್ಯಾಸ ಕೂಡ. ಒಂದು ಕ್ಷಣ ಹೆಮ್ಮೆಯಾಯಿತು, ಮರುಕ್ಷಣ ನಾಚಿಕೆಯಾಯಿತು. ನಾನು ಆ ಹುಡುಗನಿಗೆ ಯೋಚಿಸುವುದನ್ನು ಕಲಿಸಿರಲಿಲ್ಲ, ನನ್ನ ಅಭಿಪ್ರಾಯವನ್ನು ಬಾಯಿಪಾಠ ಮಾಡಿಸಿದ್ದೆ.

ಕಾಲೇಜು ವಿದ್ಯಾರ್ಥಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಒಪ್ಪುವುದಕ್ಕೂ ಅದೇ ಕೆಲಸದಲ್ಲಿ ಅಪಾಯಕಾರಿಯಾಗುವುದಕ್ಕೂ ಕಾರಣ ಒಂದೇ. ನಿಮಗೂ ಅವರಿಗೂ ಇರುವ ಅಂತರ ನಾಲ್ಕೈದು ವರ್ಷ ಮಾತ್ರ. ಶಿಕ್ಷಕರು ಹೇಳಿದ್ದನ್ನು ಪರೀಕ್ಷೆಗೆಂದು ನೆನಪಿಡುವ ಮಕ್ಕಳು, ನೀವು ಹೇಳಿದ್ದನ್ನು ನಿಮ್ಮಂತಾಗಬೇಕೆಂದು ನೆನಪಿಡುತ್ತಾರೆ. ಗಣಿತ ಹೇಳಿಕೊಡುವಾಗ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ರಾಜಕೀಯ ಹೇಳಿಕೊಡುವಾಗ ಮಾತ್ರ ಪ್ರತಿ ವಾರವೂ ನಿಮ್ಮನ್ನು ನೀವು ತಡೆದುಕೊಳ್ಳಬೇಕಾಗುತ್ತದೆ.

ಮೊದಲ ಭೇಟಿಗೆ ಮುನ್ನ

ಗುಂಪಿನಲ್ಲಿ ಎಂಟರಿಂದ ಹನ್ನೆರಡು ಮಂದಿ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತನಾಡುವವರೇ ಮಾತನಾಡುತ್ತಾರೆ, ಉಳಿದವರು ಸಭಿಕರಾಗುತ್ತಾರೆ. ಆರಕ್ಕಿಂತ ಕಡಿಮೆಯಾದರೆ ಭಿನ್ನಾಭಿಪ್ರಾಯ ಹುಟ್ಟುವುದೇ ಕಷ್ಟ. ವಾರಕ್ಕೊಮ್ಮೆ, ಒಂದೂಕಾಲು ಗಂಟೆಗೆ ಮೀರದಂತೆ, ಒಟ್ಟು ಹತ್ತು ವಾರ ಎಂದು ಮೊದಲೇ ಗಡುವು ಹಾಕಿಕೊಳ್ಳಿ. ಮುಗಿಯುವ ದಿನ ಗೊತ್ತಿಲ್ಲದ ಕಾರ್ಯಕ್ರಮಗಳು ನಿಮ್ಮ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ಯಾರಿಗೂ ಹೇಳದೆ ನಿಂತುಹೋಗುತ್ತವೆ, ಮತ್ತು ಕಾಯುತ್ತ ಕೂತ ಮಕ್ಕಳಿಗೆ ಅದರಿಂದ ಆಗುವ ನಿರಾಸೆ ನಾವು ಅಂದುಕೊಂಡಿರುವುದಕ್ಕಿಂತ ದೊಡ್ಡದು.

ಶಾಲೆಯ ಒಬ್ಬ ಶಿಕ್ಷಕರಿಗೂ ಮಕ್ಕಳ ಪೋಷಕರಿಗೂ ಒಂದು ಪುಟದ ಬರಹ ಕೊಡಿ. ಏನನ್ನು ಕಲಿಸುತ್ತೀರಿ, ಎಲ್ಲಿ ಸೇರುತ್ತೀರಿ, ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂಬುದು ಅದರಲ್ಲಿರಲಿ. ಯಾವ ಪಕ್ಷದ ಸಭೆಗೂ ಮೆರವಣಿಗೆಗೂ ಮಕ್ಕಳನ್ನು ಕರೆದೊಯ್ಯುವುದಿಲ್ಲ, ಯಾವ ಸಂಘಟನೆಗೂ ಅವರ ಹೆಸರು ಬರೆಸುವುದಿಲ್ಲ ಎಂಬ ಮಾತು ಅದೇ ಪುಟದಲ್ಲಿ ಸ್ಪಷ್ಟವಾಗಿ ಇರಬೇಕು. ನೀವೇ ಯಾವುದಾದರೂ ಸಂಘಟನೆಯ ಸದಸ್ಯರಾಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿಬಿಡಿ. ಇನ್ನೊಬ್ಬರ ಬಾಯಿಂದ ಗೊತ್ತಾದರೆ ಅಲ್ಲಿಗೆ ನಿಮ್ಮ ಮೇಲಿನ ನಂಬಿಕೆ ಮುಗಿಯಿತು. ಭೇಟಿ ನಡೆಯುವ ಕೋಣೆಯ ಬಾಗಿಲು ತೆರೆದಿರಲಿ. ಸಂದೇಶ ಕಳುಹಿಸಲು ಗುಂಪು ಮಾಡಿಕೊಂಡರೆ ಅದರಲ್ಲಿ ಶಿಕ್ಷಕರೊಬ್ಬರಿರಲಿ. ಮಕ್ಕಳೊಂದಿಗೆ ಪ್ರತ್ಯೇಕವಾಗಿ ರಾತ್ರಿ ಸಂದೇಶ ವಿನಿಮಯ ಮಾಡಿಕೊಳ್ಳುವುದು ಎಷ್ಟೇ ಒಳ್ಳೆಯ ಉದ್ದೇಶದಿಂದಾದರೂ ಬೇಡ.

ಎಲ್ಲಿಂದ ಆರಂಭಿಸಬೇಕು

ಪ್ರಜಾಪ್ರಭುತ್ವದ ವ್ಯಾಖ್ಯಾನದಿಂದ ಆರಂಭಿಸಬೇಡಿ. ಅದನ್ನು ಅವರು ಪಠ್ಯಪುಸ್ತಕದಲ್ಲಿ ಓದಿದ್ದಾರೆ, ಐದು ಅಂಕಕ್ಕೆ ಬರೆದೂ ಆಗಿದೆ. ಅವರ ದಿನಚರಿಯಲ್ಲಿರುವ ಒಂದು ನಿಯಮವನ್ನು ಎತ್ತಿಕೊಳ್ಳಿ. ಶಾಲೆಯ ಗಂಟೆ ಇಷ್ಟು ಹೊತ್ತಿಗೇ ಬಾರಿಸಬೇಕೆಂದು ನಿರ್ಧರಿಸಿದವರು ಯಾರು? ಅದರಿಂದ ಯಾರಿಗೆ ಅನುಕೂಲ, ಯಾರಿಗೆ ತೊಂದರೆ? ಅದನ್ನು ಬದಲಾಯಿಸಬೇಕಾದರೆ ಯಾರನ್ನು ಕೇಳಬೇಕು, ಅವರು ಒಪ್ಪದಿದ್ದರೆ ಮುಂದೇನು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ರಾಜಕೀಯವೆಂದರೆ ಚುನಾವಣೆಯಷ್ಟೇ ಅಲ್ಲ, ಒಂದೇ ಅಭಿಪ್ರಾಯವಿಲ್ಲದ ಜನ ಎಲ್ಲರಿಗೂ ಅನ್ವಯವಾಗುವ ನಿರ್ಧಾರಕ್ಕೆ ಬರುವ ಬಗೆ ಎಂಬುದು ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ಮುಂದಿನ ಹೆಜ್ಜೆಯಾಗಿ ಅದೇ ಗಂಟೆಯ ಉದಾಹರಣೆಯಲ್ಲಿ ಮೂರು ಕೆಲಸಗಳನ್ನು ಬೇರ್ಪಡಿಸಿ: ನಿಯಮ ಮಾಡುವುದು, ಜಾರಿಗೆ ತರುವುದು, ನಿಯಮ ಮುರಿಯಿತೋ ಇಲ್ಲವೋ ಎಂದು ತೀರ್ಮಾನಿಸುವುದು. ಶಾಲೆಯಲ್ಲಿ ಈ ಮೂರನ್ನೂ ಬಹುಮಟ್ಟಿಗೆ ಮುಖ್ಯೋಪಾಧ್ಯಾಯರೊಬ್ಬರೇ ಮಾಡುತ್ತಾರೆ ಎಂಬುದನ್ನು ಮಕ್ಕಳು ಬಹಳ ಬೇಗ ಗುರುತಿಸುತ್ತಾರೆ, ಮತ್ತು ಗುರುತಿಸಿದಾಗ ಕಿಸಕ್ಕನೆ ನಗುತ್ತಾರೆ. ಆ ನಗು ಅಡಗುವ ಮುನ್ನವೇ ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ ಈ ಮೂರು ಅಧಿಕಾರಗಳು ಒಂದೇ ಕೈಯಲ್ಲಿದ್ದರೆ ಸ್ವಾತಂತ್ರ್ಯ ಉಳಿಯುವುದಿಲ್ಲವೆಂದು ಏಕೆ ವಾದಿಸಿದನೆಂದು ಕೇಳಿ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಪದಗಳನ್ನು ಆಮೇಲೆ ಹೇಳಿದರೆ ಸಾಕು. ಅರ್ಥ ಮೊದಲು ಬಂದು ಪದ ಹಿಂದೆ ಬಂದಾಗ ಪದ ಮರೆಯುವುದಿಲ್ಲ.

ಹನ್ನೆರಡು ಚೀಟಿಗಳ ಪಾಠ

ಇಡೀ ಹತ್ತು ವಾರಗಳಲ್ಲಿ ಒಂದೇ ಒಂದು ಚಟುವಟಿಕೆಗೆ ಸಮಯವಿದೆ ಎಂದಾದರೆ ನಾನು ಆರಿಸಿಕೊಳ್ಳುವುದು ಇದನ್ನು. ಹನ್ನೆರಡು ಮಂದಿಗೆ ಹನ್ನೆರಡು ಚೀಟಿ ಕೊಡಿ. ಗುಂಪು ಕೊನೆಯಲ್ಲಿ ಏನನ್ನು ಸಿದ್ಧಪಡಿಸಬೇಕೆಂಬ ಬಗ್ಗೆ ಮೂರು ಆಯ್ಕೆಗಳನ್ನಿಡಿ: ನಾಟಕ, ಚರ್ಚಾಸ್ಪರ್ಧೆ, ಗೋಡೆಪತ್ರಿಕೆ. ಪ್ರತಿಯೊಬ್ಬರೂ ಒಂದನ್ನು ಮಾತ್ರ ಬರೆಯದೆ ಮೂರನ್ನೂ ತಮ್ಮ ಇಷ್ಟದ ಕ್ರಮದಲ್ಲಿ ಬರೆಯಲಿ. ಮೊದಲ ಸಲ ನಿಜವಾದ ಮತಗಳನ್ನು ಎಣಿಸಿ. ಬಳಿಕ ಕೆಳಗಿನಂತೆ ನೀವೇ ಬರೆದು ತಂದ ಹನ್ನೆರಡು ಚೀಟಿಗಳನ್ನು ಹೊರತೆಗೆಯಿರಿ.

ಐವರ ಚೀಟಿಯಲ್ಲಿ ನಾಟಕ, ಪತ್ರಿಕೆ, ಚರ್ಚೆ ಎಂಬ ಕ್ರಮವಿದೆ. ನಾಲ್ವರ ಚೀಟಿಯಲ್ಲಿ ಚರ್ಚೆ, ಪತ್ರಿಕೆ, ನಾಟಕ. ಉಳಿದ ಮೂವರ ಚೀಟಿಯಲ್ಲಿ ಪತ್ರಿಕೆ, ಚರ್ಚೆ, ನಾಟಕ. ಮೊದಲ ಇಷ್ಟವನ್ನು ಮಾತ್ರ ಎಣಿಸಿದರೆ 5 ಮತ ಪಡೆದ ನಾಟಕ ಗೆಲ್ಲುತ್ತದೆ. ಅತಿ ಕಡಿಮೆ ಮತ ಬಿದ್ದ ಪತ್ರಿಕೆಯನ್ನು ಕೈಬಿಟ್ಟು ಉಳಿದ ಎರಡರ ನಡುವೆ ಎರಡನೆಯ ಸುತ್ತು ನಡೆಸಿದರೆ ಆ ಮೂವರ ಮತ ಚರ್ಚೆಗೆ ಹೋಗಿ, ಚರ್ಚೆ 7ಕ್ಕೆ 5ರಂತೆ ಗೆಲ್ಲುತ್ತದೆ. ಇನ್ನು ಎರಡೆರಡನ್ನೇ ಎದುರುಬದುರು ನಿಲ್ಲಿಸಿ ನೋಡಿದರೆ ಪತ್ರಿಕೆಯು ನಾಟಕವನ್ನು 7ಕ್ಕೆ 5ರಿಂದಲೂ ಚರ್ಚೆಯನ್ನು 8ಕ್ಕೆ 4ರಿಂದಲೂ ಸೋಲಿಸುತ್ತದೆ. ಚೀಟಿಗಳು ಅವೇ, ಒಬ್ಬರ ಮನಸ್ಸೂ ಬದಲಾಗಿಲ್ಲ, ಒಂದು ಮತವೂ ಕಳುವಾಗಿಲ್ಲ. ಎಣಿಸುವ ವಿಧಾನ ಬದಲಾದಂತೆ ಗೆದ್ದವರು ಬದಲಾದರು.

ಈ ಹಂತದಲ್ಲಿ ಕೋಣೆಯಲ್ಲಿ ಗದ್ದಲವಾಗುತ್ತದೆ, ಆಗಲಿ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗಿ ಚೀಟಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಮೂರು ಸಾಲಾಗಿ ಹರಡಿ, ನಾನೇನೋ ಕೈಚಳಕ ತೋರಿಸಿದ್ದೇನೆಂಬ ಅನುಮಾನದಿಂದ ಎರಡು ಸಲ ಎಣಿಸಿದಳು. ಎಣಿಸಿ ಮುಗಿಸಿದ ಮೇಲೆ ಅವಳು ಕೇಳಿದ ಪ್ರಶ್ನೆ, "ಹಾಗಾದರೆ ಯಾವ ವಿಧಾನದಲ್ಲಿ ಎಣಿಸಬೇಕು ಅಂತ ತೀರ್ಮಾನ ಮಾಡೋರು ಯಾರು ಅಕ್ಕಾ?" ಎಂಬುದು. ಅದಕ್ಕಿಂತ ಒಳ್ಳೆಯ ರಾಜ್ಯಶಾಸ್ತ್ರದ ಪ್ರಶ್ನೆಯನ್ನು ನನ್ನ ಪದವಿ ತರಗತಿಯಲ್ಲಿಯೂ ನಾನು ಹೆಚ್ಚು ಕೇಳಿಲ್ಲ.

ಉತ್ತರವನ್ನು ಒಂದೇ ಉಸಿರಿನಲ್ಲಿ ಕೊಟ್ಟುಬಿಡುವ ಆಸೆಯನ್ನು ಅದುಮಿಕೊಂಡು, ಬೇರೆ ಬೇರೆ ದೇಶಗಳು ಬೇರೆ ಬೇರೆ ವಿಧಾನವನ್ನು ಒಪ್ಪಿಕೊಂಡಿವೆ ಎಂಬುದನ್ನು ಮಾತ್ರ ಹೇಳಿ. ಭಾರತದ ಲೋಕಸಭೆ ಮತ್ತು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಚುನಾವಣೆಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ, ಅರ್ಧಕ್ಕಿಂತ ಹೆಚ್ಚು ಇರಬೇಕೆಂದಿಲ್ಲ. ಫ್ರಾನ್ಸಿನ ಅಧ್ಯಕ್ಷರ ಚುನಾವಣೆಯಲ್ಲಿ ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಎರಡನೆಯ ಸುತ್ತು ನಡೆಯುತ್ತದೆ. ಆಸ್ಟ್ರೇಲಿಯಾದ ಕೆಳಮನೆಗೆ ಮತದಾರರು ಅಭ್ಯರ್ಥಿಗಳಿಗೆ ಕ್ರಮಾಂಕ ಕೊಟ್ಟೇ ಮತ ಹಾಕುತ್ತಾರೆ. ಎದುರುಬದುರು ನಿಲ್ಲಿಸಿ ಎಣಿಸುವ ವಿಚಾರವನ್ನು ಕಾಂಡೋರ್ಸೆ ಎಂಬ ಫ್ರೆಂಚ್ ಚಿಂತಕ 1785ರಲ್ಲಿ ವಿವರವಾಗಿ ಮಂಡಿಸಿದ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ ಕ್ರಮವಾಗಿ ಬರೆದ ಇಷ್ಟಗಳಿಂದ ಗುಂಪಿನ ತೀರ್ಮಾನವನ್ನು ಹೊರಡಿಸುವ ಯಾವ ವಿಧಾನವೂ ನಾವು ಸಹಜವೆಂದು ಭಾವಿಸುವ ಎಲ್ಲ ಷರತ್ತುಗಳನ್ನೂ ಏಕಕಾಲಕ್ಕೆ ಪೂರೈಸಲಾರದು ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ತೋರಿಸಿಕೊಟ್ಟರು. ಎಲ್ಲ ಹೆಸರುಗಳನ್ನೂ ಒಂದೇ ದಿನ ಹೇಳಬೇಕಾಗಿಲ್ಲ. ಚೀಟಿ ಎಣಿಸಿದ ಆ ಹುಡುಗಿಯಂಥವರು ಕೇಳಿದರೆ ಹೇಳಿ.

"ಅಕ್ಕಾ, ನೀವು ಯಾರಿಗೆ ಓಟು ಹಾಕ್ತೀರಿ?"

ಎರಡನೆಯ ವಾರದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಹೇಳುವ ಉತ್ತರವಿಷ್ಟು: "ಹತ್ತನೆಯ ವಾರ ಮುಗಿದ ಮೇಲೂ ನೀವು ಕೇಳಿದರೆ ನನ್ನ ವಿಚಾರಗಳನ್ನು ಹೇಳುತ್ತೇನೆ, ಮತ ಯಾರಿಗೆಂಬುದನ್ನು ಆಗಲೂ ಹೇಳುವುದಿಲ್ಲ." ಇದನ್ನು ನೆಪವಾಗಿ ಬಳಸದೆ ಪಾಠವಾಗಿಯೇ ಬಳಸಬಹುದು. ಸರ್ಕಾರವೇ ಮುದ್ರಿಸಿದ ಮತಪತ್ರವನ್ನು ಮರೆಯಲ್ಲಿ ಗುರುತುಮಾಡಿ ಹಾಕುವ ಇಂದಿನ ರೀತಿಯ ಗುಪ್ತ ಮತದಾನ 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲು ಜಮೀನುದಾರನ ಎದುರು, ಧಣಿಯ ಎದುರು ಬಾಯಿಬಿಟ್ಟು ಮತ ಹೇಳಬೇಕಾಗಿದ್ದವರ ಸ್ಥಿತಿಯನ್ನು ಊಹಿಸಿಕೊಳ್ಳಲು ಮಕ್ಕಳಿಗೆ ಹೇಳಿ.

ಪಶ್ಚಿಮ ಜರ್ಮನಿಯ ಬಾಯ್ಟಲ್ಸ್‌ಬಾಖ್ ಎಂಬಲ್ಲಿ 1976ರಲ್ಲಿ ಸೇರಿದ್ದ ಪೌರಶಿಕ್ಷಣ ತಜ್ಞರ ಸಭೆಯಿಂದ ಮೂರು ತತ್ವಗಳು ಮೂಡಿಬಂದವು. ಅಲ್ಲಿನ ಶಿಕ್ಷಣದಲ್ಲಿ ಅವು ಇಂದಿಗೂ ಆಧಾರವಾಗಿವೆ. ವಿದ್ಯಾರ್ಥಿಯು ತಾನೇ ತೀರ್ಮಾನಕ್ಕೆ ಬರುವುದನ್ನು ತಡೆಯುವಂತೆ ಅವನ ಮೇಲೆ ಅಭಿಪ್ರಾಯವನ್ನು ಹೇರಬಾರದು ಎಂಬುದು ಮೊದಲನೆಯದು. ವಿದ್ವತ್ತಿನಲ್ಲಿಯೂ ರಾಜಕೀಯದಲ್ಲಿಯೂ ವಿವಾದವಿರುವ ವಿಷಯವನ್ನು ತರಗತಿಯಲ್ಲಿಯೂ ವಿವಾದವಿರುವಂತೆಯೇ ಮಂಡಿಸಬೇಕು ಎಂಬುದು ಎರಡನೆಯದು. ರಾಜಕೀಯ ಪರಿಸ್ಥಿತಿಯನ್ನೂ ಅದರಲ್ಲಿ ತನ್ನ ಹಿತವೇನೆಂಬುದನ್ನೂ ವಿದ್ಯಾರ್ಥಿ ತಾನೇ ವಿಶ್ಲೇಷಿಸಲು ಶಕ್ತನಾಗಬೇಕು ಎಂಬುದು ಮೂರನೆಯದು. ನಾನು ಇವನ್ನು ಓದಿದ್ದು ಆ ಬೆರಳು ಕೂಡಿಸುವ ಹುಡುಗನ ಪ್ರಸಂಗವಾದ ಮೇಲೆ. ಮೊದಲೇ ಓದಿದ್ದರೆ ಅವನಿಗೆ ಎರಡು ವಾರ ಉಳಿಯುತ್ತಿತ್ತು.

ಎರಡನೆಯ ತತ್ವವನ್ನು ತಪ್ಪಾಗಿ ತಿಳಿಯುವುದು ಸುಲಭ. ತೆರಿಗೆ ಎಷ್ಟಿರಬೇಕು ಎಂಬುದು ವಿವಾದದ ವಿಷಯ, ಕಳೆದ ವರ್ಷ ತೆರಿಗೆಯ ದರ ಎಷ್ಟಿತ್ತು ಎಂಬುದು ಅಲ್ಲ. ಮಾಹಿತಿಯ ಪ್ರಶ್ನೆಯನ್ನು "ಅವರವರ ಅಭಿಪ್ರಾಯ" ಎಂದು ಬಿಟ್ಟುಬಿಡುವುದು ನಿಷ್ಪಕ್ಷಪಾತವಲ್ಲ, ಸೋಮಾರಿತನ. ಹಾಗೆಯೇ ಕೋಣೆಯಲ್ಲಿ ಕುಳಿತಿರುವ ಯಾವುದೇ ಮಗುವಿನ ಘನತೆಯನ್ನು ಪರ-ವಿರೋಧದ ವಿಷಯವನ್ನಾಗಿ ಮಾಡಬಾರದು, ಮತ್ತು "ನಿಮ್ಮವರು ಇದಕ್ಕೆ ಏನು ಹೇಳುತ್ತಾರೆ?" ಎಂದು ಒಂದು ಮಗುವನ್ನು ಅದರ ಸಮುದಾಯದ ವಕ್ತಾರನನ್ನಾಗಿ ಎಂದೂ ನಿಲ್ಲಿಸಬಾರದು.

ಇದನ್ನೆಲ್ಲ ಅಭ್ಯಾಸಕ್ಕೆ ತರಲು ನನಗೆ ಹೆಚ್ಚು ನೆರವಾದದ್ದು ಒಂದು ಸಣ್ಣ ನಿಯಮ. ಎದುರಾಳಿಯ ವಾದವನ್ನು ಮೊದಲು ನಿನ್ನ ಮಾತಿನಲ್ಲಿ ಹೇಳು. "ಹೌದು, ನಾನು ಹೇಳಿದ್ದು ಅದನ್ನೇ" ಎಂದು ಎದುರಾಳಿ ಒಪ್ಪಿದ ಮೇಲಷ್ಟೇ ನಿನ್ನ ಉತ್ತರ ಕೊಡು. ಮೊದಲೆರಡು ವಾರ ಇದು ಯಾತನೆಯಂತಿರುತ್ತದೆ. ಒಪ್ಪಿಗೆ ಸಿಗುವ ಮುನ್ನ ನಾಲ್ಕು ಸಲ ಹೇಳಿದ ಮಕ್ಕಳೂ ಇದ್ದಾರೆ. ಆದರೆ ಅರ್ಧಕ್ಕರ್ಧ ಜಗಳಗಳು ಅಲ್ಲಿಯೇ ಮುಗಿದುಹೋಗುತ್ತವೆ, ಏಕೆಂದರೆ ಇಬ್ಬರೂ ಬೇರೆ ಬೇರೆ ವಿಷಯಗಳ ಬಗ್ಗೆ ಮಾತನಾಡುತ್ತಿದ್ದರೆಂಬುದು ಆಗ ಬಯಲಾಗುತ್ತದೆ. ಆದರೂ ಜಗಳ ಏರಿ ಯಾರದಾದರೂ ಕಣ್ಣು ತುಂಬಿದರೆ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ, ಎಲ್ಲರಿಗೂ ಐದು ನಿಮಿಷ ಬರೆಯಲು ಕೊಡಿ, ನೊಂದವರನ್ನು ಆಮೇಲೆ ಮಾತನಾಡಿಸಿ. ಎಲ್ಲರೆದುರು ಸಮಾಧಾನ ಮಾಡಲು ಹೋಗಬೇಡಿ.

ಮಾತು: ಕೊನೆಯ ಪದ ಕೇಳಿಸಬೇಕು

ಸಂವಹನದ ಬಗ್ಗೆ ಸಿದ್ಧಾಂತ ಹೇಳಲೇಬೇಕೆಂದಿದ್ದರೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲ್ಯಾಸ್‌ವೆಲ್ 1948ರಲ್ಲಿ ಕೊಟ್ಟ ಐದು ಪ್ರಶ್ನೆಗಳು ಸಾಕು: ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮವಾಗುವಂತೆ ಹೇಳುತ್ತಾರೆ. ಒಂದು ಜಾಹೀರಾತನ್ನೋ ಒಂದು ಚುನಾವಣಾ ಭಾಷಣದ ತುಣುಕನ್ನೋ ತೋರಿಸಿ ಈ ಐದಕ್ಕೂ ಉತ್ತರ ಬರೆಸಿ. ಅಲ್ಲಿಗೆ ಸಿದ್ಧಾಂತದ ಪಾಠ ಮುಗಿಯಿತು. ಉಳಿದ ಸಮಯವೆಲ್ಲ ಮಾತನಾಡಿಸುವುದಕ್ಕೆ.

ಎಲ್ಲರಿಗೂ ಎರಡೇ ನಿಮಿಷ ಕೊಡಿ. ಎರಡು ನಿಮಿಷದಲ್ಲಿ ಏನು ಹೇಳಲಾಗುತ್ತದೆ ಎಂದು ಮಕ್ಕಳು ಗೊಣಗಿದರೆ, 1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವೆರೆಟ್ ಸುಮಾರು ಎರಡು ಗಂಟೆ ಮಾತನಾಡಿದ ಬಳಿಕ ಅಬ್ರಹಾಂ ಲಿಂಕನ್ ಆಡಿದ್ದು ಎರಡು ನಿಮಿಷದಷ್ಟು, ಸುಮಾರು 270 ಪದಗಳು ಎಂಬುದನ್ನು ನೆನಪಿಸಿ. ಇಬ್ಬರಲ್ಲಿ ಜನ ಇಂದು ಯಾರ ಭಾಷಣವನ್ನು ನೆನಪಿಟ್ಟುಕೊಂಡಿದ್ದಾರೆ ಎಂದು ಕೇಳಿ. ಕನ್ನಡದಲ್ಲಿ ಎರಡು ನಿಮಿಷಕ್ಕೆ ಎಷ್ಟು ಪದ ಹಿಡಿಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಹುಡುಕಬೇಡಿ, ಗಡಿಯಾರ ಹಿಡಿದು ಅವರಿಂದಲೇ ಅಳೆಯಿಸಿ. ನಮ್ಮ ಪದಗಳು ಪ್ರತ್ಯಯಗಳನ್ನೆಲ್ಲ ಹೊತ್ತು ಉದ್ದವಾಗಿರುವುದರಿಂದ ಇಂಗ್ಲಿಷಿನ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ಕನ್ನಡದಲ್ಲಿ ಮಾತನಾಡುವವರಿಗೆಂದೇ ಇರುವ ಒಂದು ತೊಡಕನ್ನು ನಾನು ತಡವಾಗಿ ಗಮನಿಸಿದೆ. ಸಂಕೋಚವಿರುವ ಮಕ್ಕಳು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಸಾಲದೆ ದನಿ ಇಳಿಸುತ್ತಾರೆ, ಆದರೆ ನಮ್ಮ ಕ್ರಿಯಾಪದವಿರುವುದೂ, ಇಲ್ಲ-ಅಲ್ಲ-ಬೇಡಗಳಿರುವುದೂ ಅಲ್ಲಿಯೇ. "ಈ ಪ್ರಸ್ತಾವವನ್ನು ಈಗಿರುವ ರೂಪದಲ್ಲಿ ನಾವು ಒಪ್ಪುವುದಿಲ್ಲ" ಎಂದು ಒಬ್ಬಳು ಹೇಳಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದವನು ಅವಳು ಒಪ್ಪಿದ್ದಾಳೆಂದೇ ಟಿಪ್ಪಣಿ ಬರೆದುಕೊಂಡಿದ್ದ. ಅಂದಿನಿಂದ ನಾವು ಒಂದು ಅಭ್ಯಾಸ ಇಟ್ಟುಕೊಂಡೆವು. ಮಾತನಾಡುವವರು ಕೋಣೆಯ ಒಂದು ಮೂಲೆಯಲ್ಲಿ, ಕೇಳುವವರೊಬ್ಬರು ಎದುರು ಮೂಲೆಯಲ್ಲಿ ನಿಲ್ಲುತ್ತಾರೆ. ಕೇಳುವವರು ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಕಾಗದದ ಮೇಲೆ ಬರೆಯುತ್ತಾರೆ. ಕಾಗದದಲ್ಲಿ ಖಾಲಿ ಬಿದ್ದ ಸಾಲುಗಳನ್ನು ನೋಡಿದ ಮೇಲೆ "ಜೋರಾಗಿ ಮಾತನಾಡು" ಎಂದು ನೀವು ಹೇಳಬೇಕಾಗಿಯೇ ಇಲ್ಲ. ಉಸಿರು ಸಾಲದಿರುವುದಕ್ಕೆ ವಾಕ್ಯದ ಉದ್ದವೂ ಕಾರಣವಾಗಿರುವುದರಿಂದ, ಬರೆದು ತಂದ ವಾಕ್ಯವನ್ನು ಆಡುವಾಗ ಎರಡಾಗಿ ಒಡೆಯಲು ಹೇಳಿ.

ಇನ್ನೊಂದು ಅಭ್ಯಾಸ ಭಾಷೆಗೂ ರಾಜಕೀಯಕ್ಕೂ ಒಟ್ಟಿಗೇ ಸೇರಿದ್ದು. "ಸೂಕ್ತ ಕ್ರಮ ಕೈಗೊಳ್ಳಲಾಗುವುದು", "ಪರಿಶೀಲಿಸಲಾಗುತ್ತಿದೆ", "ತಪ್ಪು ನಡೆದಿದೆ" ಎಂಬಂಥ ವಾಕ್ಯಗಳನ್ನು ಮಕ್ಕಳು ಸುದ್ದಿಯಿಂದಲೂ ಪ್ರಕಟಣೆಗಳಿಂದಲೂ ಆಯ್ದು ತರಲಿ. ಪ್ರತಿಯೊಂದಕ್ಕೂ ಕೇಳಬೇಕಾದದ್ದು ಒಂದೇ ಪ್ರಶ್ನೆ: ಯಾರು? ಕ್ರಮ ಕೈಗೊಳ್ಳುವವರು ಯಾರು, ಪರಿಶೀಲಿಸುತ್ತಿರುವವರು ಯಾರು, ತಪ್ಪು ಮಾಡಿದವರು ಯಾರು? ಕರ್ತೃವನ್ನು ಮರೆಮಾಡಿದ ವಾಕ್ಯದಲ್ಲಿ ಹೊಣೆಯೂ ಮರೆಯಾಗುತ್ತದೆ ಎಂಬುದು ಹದಿನಾಲ್ಕರ ವಯಸ್ಸಿಗೆ ಸೊಗಸಾಗಿ ಅರ್ಥವಾಗುತ್ತದೆ. ಅದಾದ ಮುಂದಿನ ವಾರ ಒಬ್ಬ ಹುಡುಗ ನನ್ನದೇ ಸಂದೇಶವನ್ನು ಎತ್ತಿ ತೋರಿಸಿದ: "ಭೇಟಿಯನ್ನು ಮುಂದೂಡಲಾಗಿದೆ" ಎಂದು ಬರೆದಿದ್ದೆ. ಮುಂದೂಡಿದ್ದು ನಾನು.

ಒಬ್ಬರು ಮಾತನಾಡಿದ ಮೇಲೆ "ಚೆನ್ನಾಗಿತ್ತು" ಎನ್ನುವುದರಿಂದ ಯಾರಿಗೂ ಉಪಯೋಗವಿಲ್ಲ. ಯಾವ ವಾಕ್ಯ ನೆನಪಿನಲ್ಲಿ ಉಳಿಯಿತು, ಎಲ್ಲಿ ಎಳೆ ತಪ್ಪಿತು ಎಂಬ ಎರಡನ್ನೇ ಗುಂಪು ಹೇಳಲಿ. ಉಚ್ಚಾರಣೆಯನ್ನೋ ಪ್ರಾದೇಶಿಕ ದನಿಯನ್ನೋ ಯಾರೂ ತಿದ್ದದಿರಲಿ.

ಕೇಳಿದ್ದೆಲ್ಲ ನಿಜವಲ್ಲ, ನಾನು ಹೇಳಿದ್ದೂ ಸೇರಿ

ಮಾಧ್ಯಮದ ಪ್ರಭಾವವನ್ನು ವಿವರಿಸಲು ನಾನು ಒಮ್ಮೆ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಕೆನಡಿ ಮತ್ತು ನಿಕ್ಸನ್ ನಡುವಿನ ಚರ್ಚೆಯ ಕಥೆ ಹೇಳಿದೆ. 1960ರ ಸೆಪ್ಟೆಂಬರ್ 26ರಂದು ಷಿಕಾಗೋದಿಂದ ಟಿವಿಯಲ್ಲಿ ಪ್ರಸಾರವಾದ ಆ ಚರ್ಚೆಯನ್ನು ಸುಮಾರು 7 ಕೋಟಿ ಜನ ನೋಡಿದರು. ನೋಡಿದವರಿಗೆ ಕೆನಡಿ ಗೆದ್ದಂತೆ ಕಂಡಿತು, ರೇಡಿಯೊದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದಂತೆ ಕೇಳಿಸಿತು ಎಂದು ಹೇಳಿ, ನಾಟಕೀಯವಾಗಿ ಒಂದು ಕ್ಷಣ ಸುಮ್ಮನಾದೆ. ಹಿಂದಿನಿಂದ ಒಂದು ದನಿ ಬಂತು: "ರೇಡಿಯೊ ಕೇಳಿದವರನ್ನು ಎಣಿಸಿದ್ದು ಯಾರು ಅಕ್ಕಾ?" ನನ್ನ ಹತ್ತಿರ ಉತ್ತರವಿರಲಿಲ್ಲ. ಮನೆಗೆ ಹೋಗಿ ಹುಡುಕಿದಾಗ ತಿಳಿದದ್ದೇನೆಂದರೆ, ಚರ್ಚೆ ನಡೆದದ್ದೂ ಅಷ್ಟು ಜನ ನೋಡಿದ್ದೂ ಖಚಿತ, ಆದರೆ ರೇಡಿಯೊ ಕೇಳುಗರ ಕುರಿತ ಮಾತಿಗೆ ಇರುವ ಮುಖ್ಯ ಆಧಾರ ಒಂದೇ ಒಂದು ಸಮೀಕ್ಷೆ. ಅದರಲ್ಲಿದ್ದ ರೇಡಿಯೊ ಕೇಳುಗರ ಸಂಖ್ಯೆ ತೀರಾ ಚಿಕ್ಕದು, ಆ ಕೇಳುಗರು ಮೊದಲಿನಿಂದಲೇ ಯಾರ ಕಡೆ ಒಲಿದಿದ್ದರು ಎಂಬುದೂ ಅದರಿಂದ ತಿಳಿಯದು, ಹೀಗಾಗಿ ಸಂಶೋಧಕರು ಅದನ್ನು ಬಹಳ ಹಿಂದೆಯೇ ಪ್ರಶ್ನಿಸಿದ್ದಾರೆ. ಮುಂದಿನ ವಾರ ಹೋಗಿ ಇದನ್ನೇ ಹೇಳಿದೆ. ಆ ಹತ್ತು ವಾರಗಳಲ್ಲಿ ಮಕ್ಕಳು ನನ್ನನ್ನು ಅತಿ ಹೆಚ್ಚು ಗಮನವಿಟ್ಟು ಕೇಳಿದ್ದು ಆ ಹತ್ತು ನಿಮಿಷ.

ಆದ್ದರಿಂದ ನಿಮ್ಮ ತಪ್ಪು ಸಿಕ್ಕಿಬಿದ್ದಾಗ ಅದನ್ನು ಪಾಠವನ್ನಾಗಿ ಮಾಡಿ: ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು, ಬೇರೆ ಯಾರಾದರೂ ಸ್ವತಂತ್ರವಾಗಿ ಅದನ್ನೇ ಹೇಳಿದ್ದಾರೆಯೇ? ದೊಡ್ಡ ಸಂಖ್ಯೆಯೆಂದರೆ ನಿಜವೆಂದು ನಂಬುವ ಮಕ್ಕಳಿಗೆ 1936ರ ಅಮೆರಿಕದ ಉದಾಹರಣೆ ಕೊಡಬಹುದು. ಲಿಟರರಿ ಡೈಜೆಸ್ಟ್ ಎಂಬ ವಾರಪತ್ರಿಕೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷರ ಚುನಾವಣೆಯಲ್ಲಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಆ ಆರ್ಥಿಕ ಕುಸಿತದ ಕಾಲದಲ್ಲಿ ಪತ್ರಿಕೆಯ ಪಟ್ಟಿಗಳಲ್ಲಿ ಹೆಚ್ಚಾಗಿದ್ದವರು ಟೆಲಿಫೋನು ಮತ್ತು ಕಾರು ಇಟ್ಟುಕೊಂಡವರು, ಉತ್ತರಿಸುವ ಉತ್ಸಾಹ ತೋರಿದವರೂ ಎಲ್ಲ ಮತದಾರರ ಪ್ರತಿನಿಧಿಗಳಾಗಿರಲಿಲ್ಲ. ಎಷ್ಟು ಮಂದಿಯನ್ನು ಕೇಳಿದರು ಎಂಬುದಕ್ಕಿಂತ ಯಾರನ್ನು ಕೇಳಿದರು ಎಂಬುದು ಮುಖ್ಯ.

ಕೊನೆಯ ಮೂರು ವಾರ

ಕಲಿತದ್ದನ್ನು ಒಂದು ನಿಜವಾದ ಪತ್ರಕ್ಕೆ ಹಚ್ಚಿ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಅಂಗೀಕಾರವಾಯಿತು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನೂ ಅದಕ್ಕೆ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ಸಿಗಬೇಕೆಂಬುದನ್ನೂ ಅದರ 12ನೆಯ ವಿಧಿ ಹೇಳುತ್ತದೆ. ಇದನ್ನು ಮಕ್ಕಳಿಗೆ ತಿಳಿಸಿ, ಆದರೆ ಪತ್ರದಲ್ಲಿ ಅದನ್ನು ಬೆದರಿಕೆಯಂತೆ ಬರೆಯಿಸಬೇಡಿ.

ನಮ್ಮ ಗುಂಪಿನ ಮೊದಲ ಕರಡಿನಲ್ಲಿ "ಗ್ರಂಥಾಲಯವನ್ನು ಸುಧಾರಿಸಬೇಕು" ಎಂದಿತ್ತು. ಇಂಥ ಬೇಡಿಕೆಗೆ ಯಾರಾದರೂ "ಆಗಲಿ" ಎನ್ನಬಹುದು, ಆಮೇಲೆ ಏನೂ ಮಾಡದಿರಬಹುದು. ಮಕ್ಕಳು ಎರಡು ವಾರ ಊಟದ ಬಿಡುವಿನಲ್ಲಿ ಗ್ರಂಥಾಲಯದ ಬಾಗಿಲ ಬಳಿ ಸರದಿಯಂತೆ ನಿಂತು, ಬಂದು ಮುಚ್ಚಿದ ಬಾಗಿಲು ನೋಡಿ ಹಿಂತಿರುಗಿದವರನ್ನು ಎಣಿಸಿದರು. ಕೀಲಿ ಯಾರ ಬಳಿ ಇರುತ್ತದೆ, ಆ ಹೊತ್ತಿನಲ್ಲಿ ಅವರಿಗೆ ಬೇರೆ ಯಾವ ಕೆಲಸವಿದೆ ಎಂದು ವಿಚಾರಿಸಿದರು. ಕೊನೆಯ ಪತ್ರದಲ್ಲಿ ಇದ್ದದ್ದು ಒಂದೇ ಬೇಡಿಕೆ: ಬುಧವಾರ ಮತ್ತು ಶುಕ್ರವಾರ ಊಟದ ಬಿಡುವಿನಲ್ಲಿ 30 ನಿಮಿಷ ಗ್ರಂಥಾಲಯ ತೆರೆದಿರಬೇಕು, ಪುಸ್ತಕ ದಾಖಲಿಸುವ ಕೆಲಸಕ್ಕೆ ಹತ್ತನೆಯ ತರಗತಿಯ ಇಬ್ಬರು ಸರದಿಯ ಮೇಲೆ ನಿಲ್ಲುತ್ತಾರೆ. ಜೊತೆಗೆ ಎಣಿಕೆಯ ಪಟ್ಟಿ, ಉತ್ತರ ಬಯಸುವ ದಿನಾಂಕ, ಎಲ್ಲರ ಸಹಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯುವುದನ್ನೂ ಹೇಳಿಕೊಡಿ. ಒಪ್ಪಿಗೆ ಸಿಕ್ಕಿದ್ದು ಬುಧವಾರಕ್ಕೆ ಮಾತ್ರ. ಶುಕ್ರವಾರ ಬಿಟ್ಟುಹೋದದ್ದು ಸೋಲೋ ರಾಜಿಯೋ ಎಂಬುದರ ಬಗ್ಗೆ ನಡೆದ ಚರ್ಚೆಯಲ್ಲಿ ನಾನು ಬಾಯಿ ತೆರೆಯಲಿಲ್ಲ; ಅದು ನನಗೆ ಸುಲಭವಾಗಿರಲಿಲ್ಲ.

ಒಂಬತ್ತನೆಯ ವಾರ ಪ್ರತಿಯೊಬ್ಬರೂ ತಾವು ಒಪ್ಪದ ಒಂದು ನಿಲುವಿನ ಪರವಾಗಿ ಒಂದು ಪುಟ ಬರೆಯಲಿ. ಆ ನಿಲುವನ್ನು ನಿಜವಾಗಿಯೂ ಒಪ್ಪುವ ಸಹಪಾಠಿ ಅದನ್ನು ಓದಿ, ತನ್ನ ವಾದ ಸರಿಯಾಗಿ ಬಂದಿದೆ ಎನಿಸಿದರೆ ಸಹಿ ಹಾಕಲಿ, ಇಲ್ಲವಾದರೆ ಏನು ಬಿಟ್ಟುಹೋಗಿದೆ ಎಂದು ಬರೆದು ಹಿಂದಿರುಗಿಸಲಿ. ನಿಮ್ಮ ಕೆಲಸದ ಫಲ ಅಳೆಯಲು ನನಗೆ ಗೊತ್ತಿರುವ ಅಳತೆಗೋಲು ಇದೊಂದೇ. ಆ ಬೆರಳು ಕೂಡಿಸುವ ಹುಡುಗನ ಪುಟ ಮೂರು ಸಲ ವಾಪಸು ಬಂತು. ನಾಲ್ಕನೆಯ ಸಲ ಸಹಿ ಬಿತ್ತು. ಅವನು ಆ ಪುಟದಲ್ಲಿ ಬರೆದದ್ದು ತೆರಿಗೆಯ ಬಗ್ಗೆ ನಾನು ಹಿಂದೆ ಆಡಿದ್ದ ಮಾತಿನ ಪರವಾಗಿ. ತಾನು ಅದನ್ನು ಈಗ ಒಪ್ಪುವುದಿಲ್ಲವೆಂಬುದನ್ನು ಅವನು ನನಗೆ ತಿಳಿಸಿದ್ದು ಹಾಗೆ.

ಹತ್ತನೆಯ ಭೇಟಿಯನ್ನು ಮಕ್ಕಳೇ ನಡೆಸಲಿ, ನೀವು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಮುಂದಿನ ವರ್ಷ ನಿಮ್ಮ ಜಾಗಕ್ಕೆ ಬರುವವರಿಗಾಗಿ ಒಂದು ನೋಟುಪುಸ್ತಕ ಬಿಟ್ಟು ಹೋಗಿ: ಯಾವ ಚಟುವಟಿಕೆಗೆ ಎಷ್ಟು ನಿಮಿಷ ಹಿಡಿಯಿತು, ಯಾವುದು ಕೈಕೊಟ್ಟಿತು, ಪೋಷಕರು ಯಾವ ಪ್ರಶ್ನೆ ಕೇಳಿದರು, ಯಾವ ಮಾತನ್ನು ನೀವು ಹಿಂತೆಗೆದುಕೊಳ್ಳಬೇಕಾಯಿತು. ಮಕ್ಕಳ ಹೆಸರುಗಳನ್ನೂ ಅವರವರ ಅಭಿಪ್ರಾಯಗಳನ್ನೂ ಅದರಲ್ಲಿ ಬರೆಯಬೇಡಿ. ಹನ್ನೆರಡು ಚೀಟಿಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಅದರ ಹಿಂಬದಿಯ ರಟ್ಟಿಗೆ ಅಂಟಿಸಿ.